ಗಾಳ ಬೇಡ ಮಾರಾಯ

ಉಡುಪಿ
ಜುಲೈ ತಿಂಗಳು, ಮಳೆಯ ಮಧ್ಯಾಹ್ನ

ಪ್ರೀತಿಯ ಮಗಾ,

ಬೆಂಗಳೂರಿನ ನಿನ್ನ ಯುವಜನ ಸಂಘದವರು ಯುವಜನ ಭಾನುವಾರದ ಪ್ರಸಂಗವನ್ನು ನಿನಗೇ ವಹಿಸಿದ್ದಾರೆಂದು ಕೇಳಿ ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು. ನೀನು ವಾಟ್ಸಾಪಿನಲ್ಲಿ ಕಳಿಸಿದ ಕರಡನ್ನು ಅಜ್ಜಿ ಅಕ್ಷರ ದೊಡ್ಡದು ಮಾಡಿಕೊಂಡು ಪೂರ್ತಿ ಓದಿದಳು. ಓದಿ ಮುಗಿಸಿ ಕನ್ನಡಕ ತೆಗೆದಿಟ್ಟು, “ಹುಡುಗ ಬುದ್ಧಿವಂತ, ಆದರೆ ಮೀನು ಹಿಡಿದವನಲ್ಲ” ಅಂದಳು. ನನ್ನ ಅಭಿಪ್ರಾಯವೂ ಅದೇ. ಫೋನಿನಲ್ಲಿ ಹೇಳಿದರೆ “ಆಯ್ತಜ್ಜ, ಆಯ್ತಜ್ಜ” ಅಂದುಬಿಡುತ್ತೀಯೇ ಹೊರತು ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದಕ್ಕೇ ಈ ಕಾಗದ.

ಮನುಷ್ಯರನ್ನು ಹಿಡಿಯುವ ಬೆಸ್ತರನ್ನಾಗಿ ಮಾಡುತ್ತೇನೆಂದು ಯೇಸು ಶಿಷ್ಯರಿಗೆ ಹೇಳಿದ ಮಾತನ್ನು ನೀನು ಆರಿಸಿಕೊಂಡದ್ದು ಒಳ್ಳೆಯದೇ. ಕರಾವಳಿಯ ಹುಡುಗನಿಗೆ ತಕ್ಕ ವಿಷಯ. ಆದರೆ ಅದನ್ನು ನೀನು ಬಿಡಿಸಿದ ರೀತಿ ನೋಡು. ಮೀನಿಗೆ ತಕ್ಕ ಎರೆ ಕಟ್ಟಬೇಕು, ಮುಳ್ಳು ಕಾಣದ ಹಾಗೆ ಮುಚ್ಚಬೇಕು, ಕಚ್ಚಿದ ಕೂಡಲೇ ಎಳೆಯಬೇಕು, ಆಮೇಲೆ ಎಣಿಸಬೇಕು. ಹಾಸ್ಟೆಲ್ ಹುಡುಗರಿಗೆ ಪಿಜ್ಜಾ, ಕೆಲಸ ಹುಡುಕುವವರಿಗೆ ರೆಸ್ಯೂಮೆ ಬರೆಯುವ ಕ್ಲಾಸು, ಹಾಡಿನ ಹುಚ್ಚಿನವರಿಗೆ ಗಿಟಾರ್ ಸಂಜೆ. ಯೇಸುವಿನ ಹೆಸರು ಮಾತ್ರ ಕೊನೆಯ ಹತ್ತು ನಿಮಿಷಕ್ಕೆ. ಅದರ ಮೇಲೆ ಒಬ್ಬೊಬ್ಬರೂ ವರ್ಷಕ್ಕೆ ಇಷ್ಟು ಜನರನ್ನು ತರಬೇಕೆಂಬ ಗುರಿ, ಗೋಡೆಗೊಂದು ಬೋರ್ಡು. ನಿನ್ನ ಕಂಪನಿಯ ಸೇಲ್ಸ್ ವಿಭಾಗದವರು ಇದನ್ನು ಓದಿದರೆ ಮೆಚ್ಚಿಕೊಂಡಾರು. ಗಲಿಲಾಯದ ಬೆಸ್ತ ಸೀಮೋನ ಪೇತ್ರ ಓದಿದರೆ ತಲೆ ಕೆರೆದುಕೊಂಡಾನು.

ಯಾಕೆಂದರೆ ನಾಲ್ಕು ಸುವಾರ್ತೆಗಳಲ್ಲಿ ಹುಡುಕಿದರೂ ಮೀನುಗಾರನ ಗಾಳ ಕಾಣಿಸುವುದು ಒಂದೇ ಕಡೆ, ಮತ್ತಾಯನ 17ನೇ ಅಧ್ಯಾಯದಲ್ಲಿ. ದೇವಾಲಯದ ತೆರಿಗೆಯ ಪ್ರಶ್ನೆ ಬಂದಾಗ ಯೇಸು ಪೇತ್ರನಿಗೆ, ಹೋಗಿ ಗಾಳ ಹಾಕು, ಮೊದಲು ಸಿಕ್ಕಿದ ಮೀನಿನ ಬಾಯಲ್ಲಿ ನಾಣ್ಯ ಇರುತ್ತದೆ ಎನ್ನುತ್ತಾನೆ. ಅದು ತೆರಿಗೆ ಕಟ್ಟುವುದಕ್ಕೆ. ಮನುಷ್ಯರನ್ನು ಹಿಡಿಯುವ ಮಾತು ಬಂದ ದಿನ ಸೀಮೋನ, ಅಂದ್ರೆಯರ ಕೈಯಲ್ಲಿದ್ದದ್ದು ಬೀಸುಬಲೆ. ಜೆಬೆದಾಯನ ಮಕ್ಕಳು ತಂದೆಯ ಜೊತೆ, ಕೂಲಿಯವರ ಜೊತೆ ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು. ಬಲೆಗೆ ಎರೆ ಕಟ್ಟುವುದಿಲ್ಲ ಮಗಾ. ಹಸಿದವನಿಗೆ ಊಟ ತೋರಿಸಿ ಒಳಗೆ ಮುಳ್ಳು ಇಡುವ ಕೆಲಸ ಬಲೆಯದಲ್ಲ.

ಹಾಗಾದರೆ ಬಲೆ ಸಾಧು ವಸ್ತುವೇ ಎಂದು ಕೇಳಬೇಡ. ಅದೂ ಅಲ್ಲ. ಹಳೆ ಒಡಂಬಡಿಕೆಯನ್ನು ತೆರೆದು ನೋಡು. ಹಬಕ್ಕೂಕನಲ್ಲಿ ಕಲ್ದೀಯರ ದಂಡು ಜನಾಂಗಗಳನ್ನು ಮೀನಿನಂತೆ ಗಾಳದಿಂದಲೂ ಬಲೆಯಿಂದಲೂ ಎಳೆದುಕೊಂಡು, ಕೊನೆಗೆ ತನ್ನ ಬಲೆಗೇ ಬಲಿ ಅರ್ಪಿಸುತ್ತದೆ. ಆಮೋಸ ಸಮಾರ್ಯದ ಸಿರಿವಂತ ಹೆಂಗಸರನ್ನು ಕೊಕ್ಕೆ ಹಾಕಿ ಎಳೆದೊಯ್ಯುವ ದಿನದ ಬಗ್ಗೆ ಎಚ್ಚರಿಸುತ್ತಾನೆ. ಯೆರೆಮೀಯನಲ್ಲಿ ದೇವರು ಬೆಸ್ತರನ್ನು ಕರೆಸುವುದು ಜನರನ್ನು ನ್ಯಾಯತೀರ್ಪಿಗೆ ಹಿಡಿದು ತರುವುದಕ್ಕೆ. ಅವರ ಹಿಂದೆಯೇ ಬೇಟೆಗಾರರೂ ಬರುತ್ತಾರೆ. ನಮ್ಮ ಪತ್ರಿಕೆಗಳಲ್ಲೂ ಬಲೆಗೆ ಬೀಳುವವರು ಕಳ್ಳರು, ಲಂಚ ತಿಂದು ಲೋಕಾಯುಕ್ತದವರ ಕೈಗೆ ಸಿಕ್ಕಿದವರು. ಅಂಥ ಕಠಿಣ ಮಾತನ್ನು ಯೇಸು ಕೆರೆಯ ದಡದಲ್ಲಿ ಎತ್ತಿಕೊಂಡ. ಅದಕ್ಕೆ ಅವನು ಯಾವ ಅರ್ಥ ತುಂಬಿದ ಎಂಬುದನ್ನು ಆ ನಾಲ್ವರು ಶಿಷ್ಯರು ಮುಂದೆ ಬದುಕಿದ ರೀತಿಯಿಂದ ತಿಳಿಯಬೇಕೇ ಹೊರತು ನಮ್ಮ ಉತ್ಸಾಹದಿಂದಲ್ಲ.

ಕೆರೆ ಅಂದೆ. ಹೆಸರಿಗೆ ಗಲಿಲಾಯ ಸಮುದ್ರ, ನಿಜಕ್ಕೆ ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರ್, ಅಗಲವಾದ ಕಡೆ 13. ನಮ್ಮ ಲಿಂಗನಮಕ್ಕಿ ಹಿನ್ನೀರಿಗಿಂತ ವಿಸ್ತಾರದಲ್ಲಿ ಚಿಕ್ಕದು. ಸಮುದ್ರಮಟ್ಟಕ್ಕಿಂತ ಇನ್ನೂರು ಮೀಟರಿಗೂ ಹೆಚ್ಚು ಕೆಳಗಿದೆ. 1986ರಲ್ಲಿ ಬರಗಾಲದಿಂದ ನೀರು ಇಳಿದಾಗ ಅದರ ವಾಯುವ್ಯ ದಡದ ಕೆಸರಿನಲ್ಲಿ ಯೇಸುವಿನ ಕಾಲದ ಸುಮಾರಿನ ಒಂದು ದೋಣಿ ಸಿಕ್ಕಿತು. ಎಂಟು ಮೀಟರಿಗೆ ಸ್ವಲ್ಪ ಹೆಚ್ಚು ಉದ್ದ. ಅದರಲ್ಲಿ ಹತ್ತಕ್ಕೂ ಹೆಚ್ಚು ಜಾತಿಯ ಮರದ ತುಂಡುಗಳಿವೆ. ಕೆಲವು ಬೇರೆ ದೋಣಿಯಿಂದ ಕಿತ್ತು ತಂದವು. ಸಿಕ್ಕಿದ ಹಲಗೆಯಲ್ಲಿ ತೇಪೆ ಹಾಕಿ ಹಾಕಿ ಓಡಿಸಿದ ದೋಣಿ. ಸೀಮೋನನಂಥವರ ಬದುಕು ಹೇಗಿತ್ತೆಂದು ನನಗೆ ಪುಸ್ತಕಗಳಿಗಿಂತ ಆ ತೇಪೆಗಳೇ ಚೆನ್ನಾಗಿ ಹೇಳುತ್ತವೆ.

ಅವರ ಬಲೆ ನಾರಗಸೆಯ ನೂಲಿನದು. ಹಗಲಿನ ಬೆಳಕಿಗೆ ನೂಲು ನೀರಿನಲ್ಲಿ ಕಾಣುತ್ತದೆ, ಮೀನು ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ರಾತ್ರಿ ದುಡಿಮೆ. ಬೆಳಗಾದ ಮೇಲೆ ಕಸಕಡ್ಡಿ ತೆಗೆದು, ತೊಳೆದು, ಒಣಗಿಸದಿದ್ದರೆ ಬಲೆ ಕೊಳೆತುಹೋಗುತ್ತದೆ. ಲೂಕನ 5ನೇ ಅಧ್ಯಾಯ ಶುರುವಾಗುವುದು ಆ ಹೊತ್ತಿನಲ್ಲಿ. ರಾತ್ರಿಯಿಡೀ ಏನೂ ಸಿಕ್ಕಿಲ್ಲ, ಆದರೂ ಬಲೆ ತೊಳೆಯುತ್ತಿದ್ದಾರೆ. ಸಿಗದ ದಿನವೂ ತೊಳೆಯಲೇಬೇಕಲ್ಲ! ಆಗ ನಜರೇತಿನ ಒಬ್ಬ ಬಡಗಿ ಬಂದು, ಹಗಲು ಹೊತ್ತಿನಲ್ಲಿ, ಆಳಕ್ಕೆ ಹೋಗಿ ಬಲೆ ಹಾಕಿ ಎನ್ನುತ್ತಾನೆ. ಮಲ್ಪೆಯ ಯಾವ ತಂಡೇಲನಿಗಾದರೂ ದೋಣಿಯ ಹುಟ್ಟನ್ನೇ ಹಿಡಿಯದ ನಾನು ಹೋಗಿ ಹೀಗೆ ಹೇಳಿದರೆ ಏನು ಉತ್ತರ ಬರುತ್ತದೋ ನಿನಗೇ ಗೊತ್ತು. ಸೀಮೋನ ಮರ್ಯಾದೆಯಿಂದ ತನ್ನ ಕಷ್ಟ ಹೇಳಿಕೊಂಡ, ಆಮೇಲೆ ಹೋದ. ಬಲೆ ಹರಿಯುವಷ್ಟು ಮೀನು ಬಿತ್ತು. ಆಗ ಅವನು ಒಬ್ಬನೇ ಎಳೆದುಕೊಳ್ಳಲು ನೋಡಲಿಲ್ಲ, ಇನ್ನೊಂದು ದೋಣಿಯವರಿಗೆ ಸನ್ನೆ ಮಾಡಿ ಕರೆದ. ನಿನ್ನ ಕರಡಿನಲ್ಲಿ ಆ ಇನ್ನೊಂದು ದೋಣಿ ಇಲ್ಲವೇ ಇಲ್ಲ. ಪಕ್ಕದ ರಸ್ತೆಯ ಪೆಂತೆಕೋಸ್ತ್ ಸಭೆಯವರು, ಕಥೋಲಿಕರ ಯುವಜನರು ಇವರೆಲ್ಲ ನಿನಗೆ ಪೈಪೋಟಿಯವರಂತೆ ಕಂಡಿದ್ದಾರೆ.

ನನ್ನ ಚಿಕ್ಕಂದಿನಲ್ಲಿ ಇಲ್ಲಿ ರಂಪಣಿ ಇತ್ತು. ಬಲೆಯ ಒಂದು ತುದಿಯ ಹಗ್ಗ ದಡದಲ್ಲಿ ಬಿಟ್ಟು ದೋಣಿ ಮೀನಿನ ಗುಂಪನ್ನು ಸುತ್ತುವರಿದು, ಇನ್ನೊಂದು ತುದಿಯನ್ನು ದೂರದಲ್ಲಿ ದಡ ಮುಟ್ಟಿಸುತ್ತಿತ್ತು. ಎರಡು ಕಡೆಯೂ ಸಾಲುಗಟ್ಟಿ ನಿಂತವರು ಒಂದೇ ಲಯಕ್ಕೆ ಎಳೆಯಬೇಕು. ಒಂದು ಕಡೆಯವರು ಅವಸರ ಮಾಡಿದರೆ ಬಲೆ ಓರೆಯಾಗಿ ಮೀನೆಲ್ಲ ಪಾರು. ಎಳೆಯುವುದರಲ್ಲಿ ಯಾರು ಹೆಚ್ಚು ಯಾರು ಕಡಿಮೆ ಎಂದು ಹೇಳುವುದಕ್ಕೇ ಆಗುತ್ತಿರಲಿಲ್ಲ. 1970ರ ದಶಕದ ನಡುವೆ ಪರ್ಸೀನ್ ದೋಣಿಗಳು ಬಂದವು, ದೊಡ್ಡ ರಂಪಣಿ ಹಿಂದೆ ಸರಿಯಿತು. ಈಗ ಕೈರಂಪಣಿ ಅಲ್ಲಲ್ಲಿ ಉಳಿದಿದೆ. ನೀನು ಬೋರ್ಡಿನ ಮೇಲೆ ಒಬ್ಬೊಬ್ಬರ ಹೆಸರಿನ ಮುಂದೆ ಅಂಕಿ ಬರೆಯುತ್ತೇನೆ ಅಂದಾಗ ನನಗೆ ಆ ಹಗ್ಗ ನೆನಪಾಯಿತು.

ಈಗ ಯಾಂತ್ರಿಕ ದೋಣಿಗಳಿಗೆ 61 ದಿನದ ರಜೆ, ಜೂನ್ 1ರಿಂದ ಜುಲೈ 31ರವರೆಗೆ. ಮೀನು ಮರಿ ಮಾಡುವ ಕಾಲ. ಬಂದರಿನಲ್ಲಿ ದೋಣಿಗಳೆಲ್ಲ ಒತ್ತೊತ್ತಾಗಿ ನಿಂತಿವೆ. ಮೊನ್ನೆ ಮಳೆ ಹೊಳವಾದಾಗ ಆ ಕಡೆ ಹೋಗಿದ್ದೆ. ಶೆಡ್ಡಿನೊಳಗೆ ಒಬ್ಬ ಹಿರಿಯರು ಬಲೆ ರಿಪೇರಿಗೆ ಕೂತಿದ್ದರು. ಬಲೆಯ ಒಂದು ಕಣ್ಣಿಗೆ ಕಾಲಿನ ಹೆಬ್ಬೆರಳು ತೂರಿಸಿ ಬಿಗಿ ಹಿಡಿದಿದ್ದಾರೆ. ನಾನು ಅವರು ಕೂಡಲೇ ಹೆಣೆಯುತ್ತಾರೆ ಎಂದುಕೊಂಡೆ. ಇಲ್ಲ. ಮೊದಲು ಚಾಕು ತೆಗೆದು ಹರಿದ ಜಾಗದ ಸುತ್ತ ಎಳೆ ಬಿಟ್ಟ ಕಣ್ಣುಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ತೂತನ್ನು ಇನ್ನೂ ದೊಡ್ಡದು ಮಾಡಿದರು. ಅಂಚು ಗಟ್ಟಿ ಇರುವ ಕಡೆ ಬಂದ ಮೇಲೆಯೇ ನೂಲು ಸುತ್ತಿದ ಸೂಜಿ ಕೈಗೆ ಬಂತು. ಗಂಟು ಹಾಕುವುದು, ಬೆರಳಿನಲ್ಲಿ ಅಳತೆ ನೋಡುವುದು, ಮತ್ತೆ ಗಂಟು. ಒಂದು ಗೇಣು ಜಾಗಕ್ಕೆ ಒಂದು ಲೋಟ ಚಹಾ ಪೂರ್ತಿ ತಣ್ಣಗಾಯಿತು. ಮೀನುಗಾರಿಕೆ ಎಂದರೆ ಹೆಚ್ಚಿನ ದಿನ ಇದೇ. ನಿಮ್ಮ ಸಂಘದಲ್ಲಿ ಕಳೆದ ಕ್ರಿಸ್ಮಸ್ಸಿಗೆ ಎರಡು ಪಂಗಡವಾಗಿ, ಕೆಲವರು ಬರುವುದನ್ನೇ ಬಿಟ್ಟರು ಎಂದು ನೀನೇ ಹೇಳಿದ್ದೆ. ಅವರ ಮನೆಗೆ ಯಾರಾದರೂ ಹೋದಿರಾ? ಹೊಸಬರನ್ನು ಕರೆಯುವ ಯೋಜನೆ ನಾಲ್ಕು ಪುಟ ಇದೆ, ಇದರ ಬಗ್ಗೆ ಒಂದು ಸಾಲೂ ಇಲ್ಲ.

ಬೆಳಕು ಮೀನುಗಾರಿಕೆಯ ಗಲಾಟೆ ನೀನು ಕೇಳಿರಬಹುದು. ರಾತ್ರಿ ದೋಣಿಯಿಂದ ಪ್ರಖರವಾದ ಎಲ್‌ಇಡಿ ದೀಪ ಬಿಟ್ಟರೆ ಮೀನು, ಮರಿ ಎಲ್ಲವೂ ಬೆಳಕಿಗೆ ಮುತ್ತಿಕೊಳ್ಳುತ್ತವೆ. ಒಟ್ಟಿಗೆ ಬಾಚಬಹುದು. 2017ರಲ್ಲಿ ಕೇಂದ್ರ ಸರ್ಕಾರ ಅದನ್ನೂ ಬುಲ್ ಟ್ರಾಲನ್ನೂ ನಿಷೇಧಿಸಿತು. ನಾಡದೋಣಿಯವರು ಇವತ್ತಿಗೂ ಬೆಳಕು ಮೀನುಗಾರಿಕೆಯ ವಿರುದ್ಧ ಕೂಗುತ್ತಾರೆ, ಮರಿ ಹೋದರೆ ನಾಳೆಗೆ ಏನು ಉಳಿಯಿತು ಎಂದು. ನಿಮ್ಮ ಗಿಟಾರ್ ಸಂಜೆಯ ಅಂದಾಜು ಖರ್ಚಿನಲ್ಲಿ ವೇದಿಕೆಯ ಎಲ್‌ಇಡಿ ಪರದೆಗೇ ಅರ್ಧ ಹೋಗುತ್ತದೆ ಎಂದು ಓದಿ ಅಜ್ಜಿಗೆ ನಗು ತಡೆಯಲಾಗಲಿಲ್ಲ. ಹಾಡು ಬೇಡ ಅನ್ನುತ್ತಿಲ್ಲ. ಹಾಡಿಗೆ ಕರೆದರೆ ಹಾಡಿಗೆ ಕರೆಯಿರಿ. ಪ್ರಾರ್ಥನೆಗೆ ಕರೆದರೆ ಪ್ರಾರ್ಥನೆಗೆ ಎಂದೇ ಆಮಂತ್ರಣದಲ್ಲಿ ಬರೆಯಿರಿ.

ನಿನ್ನ ಪ್ರಸಂಗಕ್ಕೆ ಒಂದು ಪರೀಕ್ಷೆ ಹೇಳುತ್ತೇನೆ. ನಮ್ಮ ಮನೆಗೆ ಮೀನು ತರುವ ಅಕ್ಕನನ್ನು ನೀನು ನೋಡಿದ್ದೀಯ. ಗೇಟಿನಿಂದಲೇ “ಬಂಗುಡೆ ಉಂಡು” ಎಂದು ತುಳುವಿನಲ್ಲಿ ಕೂಗುತ್ತಾರಲ್ಲ, ಅವರೇ. ಮೊಗವೀರರು. ಉಚ್ಚಿಲದ ಮಹಾಲಕ್ಷ್ಮಿಗೆ ನಡೆದುಕೊಳ್ಳುವವರು. ನೂಲ ಹುಣ್ಣಿಮೆಗೆ ಅವರ ಮನೆಯ ಗಂಡಸರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿಯೇ ಮೀನುಗಾರಿಕೆಗೆ ಇಳಿಯುವುದು. ನಾವು ಭಾನುವಾರ ಪ್ರಸಂಗದಲ್ಲಿ ಬಳಸುವ ಬಲೆ, ದೋಣಿ, ಎಲ್ಲವೂ ಅವರ ಬೆವರಿನ ವಸ್ತುಗಳು. ಅವರನ್ನು ಸಭೆಯ ಮುಂದಿನ ಬೆಂಚಿನಲ್ಲಿ ಕೂರಿಸಿಕೊಂಡು ನಿನ್ನ ಕರಡನ್ನು ಓದಬಲ್ಲೆಯಾ? ಎರೆ ಕಟ್ಟುವ ಭಾಗ ಬಂದಾಗ, ಇಲ್ಲಿ ಮೀನು ಎಂದರೆ ನೀವೇ ಅಕ್ಕಾ ಎಂದು ಅವರ ಮುಖ ನೋಡಿ ಹೇಳಬಲ್ಲೆಯಾ? ಯಾರ ಬಗ್ಗೆ ಮಾತಾಡುತ್ತೇವೋ ಅವರೆದುರು ಆಡಲಾಗದ ಮಾತು ಸುವಾರ್ತೆಯ ಮಾತಲ್ಲ. ಇದೊಂದನ್ನು ಹಿಡಿದುಕೊಂಡು ಕರಡನ್ನು ತಿದ್ದು. ಅರ್ಧ ತಾನಾಗಿಯೇ ಉದುರಿಹೋಗುತ್ತದೆ.

ನಮ್ಮ ಸ್ವಂತ ಚರಿತ್ರೆಯಲ್ಲೂ ಈ ಎರೆಯ ಪ್ರಶ್ನೆ ಇದೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನಿನಿಂದ ಮಂಗಳೂರಿಗೆ ಬಂದಿಳಿದರು. ದೀಕ್ಷಾಸ್ನಾನ ಪಡೆದವರಲ್ಲಿ ಹಲವರು ಮನೆ, ಕುಲದ ಕಸುಬು ಎರಡನ್ನೂ ಕಳೆದುಕೊಂಡರು. ಶೇಂದಿ ತೆಗೆಯುತ್ತಿದ್ದವನು ಅದನ್ನು ಬಿಟ್ಟರೆ ಉಣ್ಣುವುದೇನು? ಹಾಗೆ ನೇಯ್ಗೆ ಬಂತು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ನಮ್ಮ ಮನೆತನದ ಅನ್ನವೂ ಅದೇ ಹಂಚಿನ ಮಣ್ಣಿನಿಂದ ಬಂದದ್ದು. ಅದು ಎರೆಯೇ? ಬೀದಿಗೆ ಬಿದ್ದವನಿಗೆ ಕೆಲಸ ಕೊಟ್ಟದ್ದನ್ನು ಎರೆ ಅನ್ನಲು ನನಗೆ ಮನಸ್ಸು ಬಾರದು. ಆದರೆ ಕೂಲಿ ಕೊಡುವವರು, ಮನೆ ಕೊಡುವವರು, ಸಭೆ ನಡೆಸುವವರು ಮೂವರೂ ಒಂದೇ ಆದಾಗ ಮನುಷ್ಯ ಯಾವುದಕ್ಕಾಗಿ ಪ್ರಾರ್ಥನೆಗೆ ಬಂದ ಎಂದು ಅವನಿಗೇ ತಿಳಿಯದಂತೆ ಆಗುತ್ತದೆ. ಆ ಗೋಜಲು ನಮಗೆ ಬೇಡವಾಗಿತ್ತು. ಅದೇ ಮಿಷನಿನವರು ಇನ್ನೊಂದು ಕೆಲಸವನ್ನೂ ಮಾಡಿದರು. ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕಿಟೆಲ್ಲರು ಕನ್ನಡದ ಶಬ್ದಗಳನ್ನು ಹೆಕ್ಕಿ ಹೆಕ್ಕಿ 1894ರಲ್ಲಿ ನಿಘಂಟು ಕೊಟ್ಟರು. ಅದನ್ನು ಬಿಡಿಸಿ ನೋಡುವ ಪಂಡಿತರು ಯಾರೂ ಅದಕ್ಕಾಗಿ ಚರ್ಚಿಗೆ ಬರಬೇಕಾಗಿಲ್ಲ. ಕೊಟ್ಟದ್ದು ಕೊಟ್ಟದ್ದೇ, ಹಿಂದೆ ಹಗ್ಗ ಇಲ್ಲ. ನಿನ್ನ ರೆಸ್ಯೂಮೆ ಕ್ಲಾಸನ್ನೂ ಹಾಗೆ ನಡೆಸುವುದಾದರೆ ನಡೆಸು, ಯಾರು ಬೇಡ ಅಂದರು?

ಕಾನೂನಿನ ಮಾತನ್ನೂ ಕೇಳಿದ್ದೀಯ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹರಡುವ ಹಕ್ಕು ಅದು, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ನಮ್ಮವರಲ್ಲಿ ಅನೇಕರಿಗೆ ಆ ತೀರ್ಪು ಇಷ್ಟವಿಲ್ಲ. ಅದರ ಹೆಸರಿನಲ್ಲಿ ನಡೆಯುವ ಕಿರುಕುಳವೂ ಸುಳ್ಳಲ್ಲ. ಆದರೆ ಒಬ್ಬನ ಹೃದಯವನ್ನು ಇನ್ನೊಬ್ಬ ತಿರುಗಿಸಲಾರ, ಅದು ದೇವರ ಕೆಲಸ ಎಂದು ನಾವು ಪ್ರತಿ ಭಾನುವಾರ ಹೇಳುವುದೇ ಅಲ್ಲವೇ? ಆಮಿಷ, ಬಲವಂತ ಕೂಡದು ಎಂದು ನಮಗೆ ಕೋರ್ಟು ಹೇಳಿಕೊಡಬೇಕಾದ ಸ್ಥಿತಿ ಬರಬಾರದಿತ್ತು.

ಪಂಡಿತಾ ರಮಾಬಾಯಿ ಗೊತ್ತಲ್ಲ? 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಟ್ಟಿದ ಮರಾಠಿ ಬ್ರಾಹ್ಮಣ ಮನೆತನದ ಹೆಣ್ಣುಮಗಳು. ಅಪ್ಪ ಅಮ್ಮನ ಜೊತೆ ದೇಶವೆಲ್ಲ ತಿರುಗಿ, ಪುರಾಣ ಹೇಳಿ, ಸಂಸ್ಕೃತದ ಪಾಂಡಿತ್ಯಕ್ಕೆ ಕಲ್ಕತ್ತೆಯಲ್ಲಿ ಬಿರುದು ಪಡೆದವರು. ಮದುವೆಯಾಗಿ ಸಿಲ್ಚಾರಿನಲ್ಲಿದ್ದಾಗ ಮನೆಯ ಪುಸ್ತಕಗಳ ನಡುವೆ ಬಂಗಾಳಿಯ ಒಂದು ಪುಟ್ಟ ಪುಸ್ತಕ ಕಣ್ಣಿಗೆ ಬಿತ್ತು, ಲೂಕನ ಸುವಾರ್ತೆ. ಅದು ಅಲ್ಲಿಗೆ ಹೇಗೆ ಬಂತೆಂದು ಅವರಿಗೂ ತಿಳಿಯದು. ಆ ಓದು ಒಳಗೇ ಕೆಲಸ ಮಾಡಿತು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವಾಯಿತು. ಆ ಪುಸ್ತಕ ಕೊಟ್ಟವರ ಹೆಸರು ಯಾವ ಬೋರ್ಡಿನ ಮೇಲೂ ಇಲ್ಲ. ಅವರು ಬದುಕಿದ್ದಷ್ಟು ದಿನ ತಮ್ಮಿಂದ ಏನೂ ಆಗಲಿಲ್ಲ ಎಂದುಕೊಂಡಿದ್ದರೂ ಇರಬಹುದು.

ಅಂದ್ರೆಯನ ವಿಷಯವನ್ನೂ ಸೇರಿಸು. ಅವನು ಮಾಡಿದ ಒಂದು ಪ್ರಸಂಗವೂ ಬೈಬಲಿನಲ್ಲಿ ಇಲ್ಲ. ಯೋಹಾನನ ಸುವಾರ್ತೆಯಲ್ಲಿ ಅವನು ಬಂದಾಗಲೆಲ್ಲ ಯಾರನ್ನಾದರೂ ಇಲ್ಲವೇ ಯಾರದಾದರೂ ಸುದ್ದಿಯನ್ನು ಯೇಸುವಿನ ಬಳಿಗೆ ತಂದಿರುತ್ತಾನೆ: ಮೊದಲು ಅಣ್ಣ ಸೀಮೋನನನ್ನು, ಆಮೇಲೆ ಐದು ರೊಟ್ಟಿ ಎರಡು ಮೀನಿನ ಹುಡುಗನ ಸುದ್ದಿಯನ್ನು, ಕೊನೆಗೆ ಫಿಲಿಪ್ಪನ ಜೊತೆ ಸೇರಿ ಯೇಸುವನ್ನು ಕಾಣಬೇಕೆಂದ ಗ್ರೀಕರ ಸುದ್ದಿಯನ್ನು. ಬೆತ್ಸಾಯಿದದ ಬೆಸ್ತ ಮನುಷ್ಯರನ್ನು ಹಿಡಿದ ರೀತಿ ಇದು. ಬಂದವರು ತಮ್ಮ ಕಾಲಿನಲ್ಲಿ ನಡೆದು ಬಂದರು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಯೋಹಾನನ 21ನೇ ಅಧ್ಯಾಯದಲ್ಲಿ ಕೊನೆಯ ಸಲ ಬಲೆ ಬೀಳುತ್ತದೆ. 153 ದೊಡ್ಡ ಮೀನು. ಯಾರೋ ಎಣಿಸಿದ್ದಾರೆ, ಮೀನುಗಾರರಲ್ಲವೇ, ಪಾಲು ಹಾಕಲು ಎಣಿಸಲೇಬೇಕು. ದಡದಲ್ಲಿ ಕೆಂಡ, ಮೀನು, ರೊಟ್ಟಿ. ಉಂಡಾದ ಮೇಲೆ ಯೇಸು ಪೇತ್ರನಿಗೆ ಆ ಲೆಕ್ಕ ಕೇಳುವುದಿಲ್ಲ, ಇನ್ನು ಮುಂದೆ ಮನುಷ್ಯರನ್ನು ಹಿಡಿ ಎಂದು ಮತ್ತೆ ಹೇಳುವುದೂ ಇಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿ, ಹಾಗಾದರೆ ನನ್ನ ಕುರಿಗಳನ್ನು ಮೇಯಿಸು ಎನ್ನುತ್ತಾನೆ. ಮೀನು ದಡಕ್ಕೆ ಬಂದರೆ ಅದರ ಕತೆ ಮುಗಿಯಿತು. ಕುರಿಯನ್ನು ದಿನಾ ಮೇಯಿಸಬೇಕು, ಕುಂಟಿದರೆ ಹೊರಬೇಕು. ಅಪೊಸ್ತಲರ ಕೃತ್ಯಗಳಲ್ಲಾಗಲಿ ಪತ್ರಿಕೆಗಳಲ್ಲಾಗಲಿ ಸುವಾರ್ತೆ ಸಾರುವುದಕ್ಕೆ ಯಾರೂ ಮೀನುಗಾರಿಕೆಯ ಹೋಲಿಕೆ ಕೊಟ್ಟಿಲ್ಲ. ಬಿತ್ತುವುದು, ನೀರು ಹೊಯ್ಯುವುದು, ಕಟ್ಟುವುದು ಇವೇ ಅವರ ಮಾತುಗಳು. ಕಸುಬು ತಿಳಿದ ಪೇತ್ರನ ಪತ್ರಿಕೆಯಲ್ಲೂ ಕುರಿಯ ಹಿಂಡು ಇದೆ, ಬಲೆ ಇಲ್ಲ. ನಿನ್ನ ಪ್ರಸಂಗ ಅಲ್ಲಿಯವರೆಗೆ ಬರದೆ ದೋಣಿಯಲ್ಲೇ ನಿಂತುಬಿಟ್ಟಿದೆ. ಮತ್ತಾಯನ 13ನೇ ಅಧ್ಯಾಯದ ದೊಡ್ಡ ಬಲೆಯ ಸಾಮ್ಯವನ್ನು ಬೇಕಾದರೆ ಓದಿಸು. ಎಲ್ಲ ಬಗೆಯದೂ ಬೀಳುತ್ತದೆ. ಆರಿಸುವ ಕೆಲಸ ದೇವದೂತರದು, ನಮ್ಮ ಸಮಿತಿಯದಲ್ಲ.

ಈಗ ಕೊನೆಯಲ್ಲಿ ನೀನು ಅಷ್ಟೇನೂ ಮುಖ್ಯವಲ್ಲ ಎಂಬಂತೆ ಬರೆದದ್ದಕ್ಕೆ ಬರುತ್ತೇನೆ. ನನಗೆ ಅದೇ ಮುಖ್ಯವಾಗಿ ಕಂಡಿತು. ನಿನ್ನ ರೂಮಿನ ಹುಬ್ಬಳ್ಳಿ ಕಡೆಯ ಗೆಳೆಯ, ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಭಾನುವಾರ ಚರ್ಚಿಗೆ ಯಾಕೆ ಓಡುತ್ತೀಯೋ ಎಂದು ಕೇಳಿದ. ನೀನು “ಏನಿಲ್ಲ, ಮನೆಯವರ ಒತ್ತಾಯ” ಎಂದು ಮಾತು ಹಾರಿಸಿದೆ. ಯಾವ ಮನೆಯವರಪ್ಪ ಒತ್ತಾಯ ಮಾಡಿದ್ದು? ನಿನ್ನ ಅಪ್ಪ ಆಸ್ಪತ್ರೆಯಲ್ಲಿದ್ದ ಆ ತಿಂಗಳು ನೀನು ರಾತ್ರಿ ಹೊರಗಿನ ಬೆಂಚಿನಲ್ಲಿ ಕೂತು ಹೇಗೆ ಪ್ರಾರ್ಥಿಸಿದೆ, ಅಪ್ಪನ ಕಾಯಿಲೆ ಕೂಡಲೇ ವಾಸಿಯಾಗದಿದ್ದರೂ ನಿನ್ನ ಹೆದರಿಕೆ ಹೇಗೆ ಹೋಯಿತು ಎಂದು ನನಗೆ ಹೇಳಿದ್ದೆಯಲ್ಲ, ಅದನ್ನು ಅವನಿಗೆ ಹೇಳಬಹುದಿತ್ತು. ಇನ್ನೂ ಹೊತ್ತು ಮೀರಿಲ್ಲ. ಅವನು ಕೇಳಿದ್ದಕ್ಕೆ ಉತ್ತರ ಹೇಳು, ಅಷ್ಟು ಸಾಕು; ಕೇಳದ್ದಕ್ಕೆ ಕರಪತ್ರ ಕೊಡಬೇಡ. ಹೇಳಿದ ಮೇಲೆ ಅವನು ಏನನ್ನು ನಂಬುತ್ತಾನೆಂದು ಕೇಳು, ಕೇಳಿ ಸುಮ್ಮನೆ ಕೂತು ಆಲಿಸು. ಊರಿಗೆ ಹಬ್ಬಕ್ಕೆ ಕರೆದರೆ ಹೋಗು. ಅವನು ಜೀವನಪೂರ್ತಿ ನಿನ್ನ ಸಭೆಯ ಮೆಟ್ಟಿಲು ಹತ್ತದಿದ್ದರೂ ನಿನ್ನ ಗೆಳೆಯನೇ.

ಪ್ರಸಂಗ ಹದಿನೈದು ನಿಮಿಷ ಮೀರದಿರಲಿ. ಬೋರ್ಡಿನ ವಿಷಯ ಸಮಿತಿಯವರಿಗೆ ನೀನೇ ಹೇಳಿ ಕೈಬಿಡಿಸು. ತಿದ್ದಿದ ಕರಡನ್ನು ಶುಕ್ರವಾರದೊಳಗೆ ಕಳಿಸಿದರೆ ಓದಿ ಹೇಳುತ್ತೇನೆ. ಅಜ್ಜಿ ಒಣಸಿಗಡಿ ಚಟ್ನಿ ಮಾಡಿ ಡಬ್ಬಿ ತುಂಬಿಸಿಟ್ಟಿದ್ದಾಳೆ, ಬಸ್ಸಿಗೆ ಕೊಟ್ಟು ಕಳಿಸುವುದು. ಆದರೆ ನಿನ್ನ ರೂಮಿನವನು ಮೀನು ತಿನ್ನುವವನೋ, ಅದರ ವಾಸನೆಯೇ ಆಗದವನೋ? ಮೊದಲು ಕೇಳಿ ತಿಳಿಸಬೇಕಂತೆ. ಆಗದಿದ್ದರೆ ಮಂಗಳೂರಿನ ಹಪ್ಪಳ ಕಳಿಸುತ್ತಾಳೆ.

ನಿನ್ನ ಪ್ರೀತಿಯ
ಅಜ್ಜ